ಬಾಯಿಬಿಟ್ಟ ಗೆರೆ

“ಆ ಗೆರಿ ಕೂಡಸಬ್ಯಾಡ್ರಿ ಮೇಡಂ,” ಎಂದರು ಹಂಪಯ್ಯ. ಅವರು ಆಫೀಸಿನ ಹಳೆಯ ಅಟೆಂಡರ್.

ತಾರ್ನಾಕದ ಆ ಕಂಪನಿಯಲ್ಲಿ ಹಳೆಯ ಸರ್ವೆ ನಕ್ಷೆಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ. ಗುರುದೇವಿ ಸೇರಿ ವಾರವಾಗಿತ್ತಷ್ಟೆ. ಅವಳ ಮುಂದಿದ್ದದ್ದು ಬ್ರಿಟಿಷರ ಕಾಲದ ಒಂದು ಚಿನ್ನದ ಗಣಿಯ ಗುಡ್ಡದ ನಕ್ಷೆ. ಎತ್ತರ ತೋರಿಸುವ ಗೆರೆಗಳೆಲ್ಲ ಗುಡ್ಡ ಸುತ್ತಿ ಬಂದು ಕೂಡಿಕೊಂಡಿದ್ದವು. ಒಂದು ಮಾತ್ರ ಉಗುರಿನಷ್ಟು ಬಾಯಿ ಬಿಟ್ಟಿತ್ತು. ಕಂಪ್ಯೂಟರು ಅಲ್ಲಿಗೆ ಬಂದಾಗಲೆಲ್ಲ ತಪ್ಪು, ತಪ್ಪು ಎಂದು ಕೆಂಪು ತೋರಿಸುತ್ತಿತ್ತು.

“ಗುಡ್ಡಕ್ಕ ಮಾಟದ ದಿಗ್ಬಂಧನ ಐತ್ರಿ. ಒಳಗ ಹೋದೋರು ಹೊರಗ ಬರ್ತಿದ್ದಿಲ್ಲ. ಸರ್ವೆ ಮಾಡೂ ಮುಂದ ನಮ್ಮ ಮುತ್ಯಾ ನಕ್ಷೆದಾಗ ಈ ಬಾಗಲಾ ಬಿಟ್ಟ ಮ್ಯಾಲೇ ಮಂದಿ ಹೊರಗ ಬರಾಕತ್ತಿದ್ದು. ಅದನ್ನ ಮುಚ್ಚಿದೋರ ಸುತ್ತನ ಗೆರಿ ಕೂಡತೈತಿ.”

“ಗುಡ್ಡ ಅಲ್ಲೈತಿ, ನಾ ಇಲ್ಲಿ ಅದೀನಿ,” ಗುರುದೇವಿ ನಕ್ಕಳು. ಊರಿನ ಇನ್ನೊಂದು ತುದಿಯ ಮೆಹದಿಪಟ್ಟಣಂನ ಮನೆಯಲ್ಲಿ ಮಗಳು ಲಹರಿಗೆ ಜ್ವರ. ನಕ್ಷೆ ಮುಗಿಸದೆ ಹೊರಡುವಂತಿಲ್ಲ. ಮುದುಕರ ಕತೆ ಕೇಳಲು ಯಾರಿಗೆ ಪುರುಸೊತ್ತು?

ಹಂಪಯ್ಯ ಚೀಲ ಎತ್ತಿಕೊಂಡು ಹೊರಗೋಡಿದರು. ಅವಳು ಎರಡು ತುದಿ ಹಿಡಿದು ಕೂಡಿಸಿದಳು.

ಎಸಿ ಕೋಣೆಯಲ್ಲಿ ಹಸಿ ಮಣ್ಣಿನ ವಾಸನೆ. ಸುಟ್ಟ ಸಿಡಿಮದ್ದಿನ ಕಮಟು. ಗುರುದೇವಿ ಮೂಗು ಮುಚ್ಚಿಕೊಂಡು ಇಳಿದು ಹೋಗಿ ಮನೆ ಕಡೆಯ ಬಸ್ಸು ಹತ್ತಿದಳು.

ಬಸ್ಸು ಎಡಕ್ಕೆ ತಿರುಗಿತು. ಮತ್ತೆ ಎಡಕ್ಕೆ. ಏರಿಲ್ಲ, ಇಳಿಜಾರಿಲ್ಲ, ಬರೀ ತಿರುವು. ಮಗಳ ಬಿಸಿ ಹಣೆ ನೆನೆದು ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ.

“ತಾರ್ನಾಕ, ದಿಗಂಡಿ,” ಎಂದು ಇಳಿಯಲು ಕೂಗಿದ ಕಂಡಕ್ಟರ್.

ಎದುರಿಗೆ ಅದೇ ಆಫೀಸಿನ ಗೇಟು. ಆಟೋ ಹಿಡಿದಳು. ಅದೇ ಗೇಟು. ಓಡಿದಳು, ಚಪ್ಪಲಿ ಕಿತ್ತುಹೋಯಿತು. ಅದೇ ಗೇಟು.

ಅಷ್ಟರಲ್ಲಿ ಕರೆಂಟು ಹೋಯಿತು. ಮೇಲೆ ಓಡಿ ಬಂದಳು. ಕತ್ತಲಲ್ಲಿ ಅವಳ ಪರದೆಯೊಂದೇ ಬೆಳಗುತ್ತಿತ್ತು. ನೆಲದ ಕೆಳಗೆ ಯಾರೋ ಕಲ್ಲು ಕುಟ್ಟುತ್ತಿದ್ದರು. ಗೆರೆ ಅಳಿಸಿದಳು. ಕೂಡಿಕೊಂಡಿತು. ಅಳಿಸಿದಳು. ಕೂಡಿಕೊಂಡಿತು. ಕುಟ್ಟುವ ಸದ್ದು ಹತ್ತಿರವಾಯಿತು. ಅವಳಿಗೆ ಅಳು ಬಂತು.

ಫೋನು ಹೊಡೆದುಕೊಂಡಿತು. ಗಂಡ ಅಂಬಣ್ಣ.

“ಎಲ್ಲಿದ್ದಿ? ಲಹರಿ ಅವ್ವಾ ಅವ್ವಾ ಅಂತ ಒಂದ ಸಮನ ಅಳಾಕತ್ತಿತ್ತು. ಅದಕ್ಕ…”

“ಬರಬ್ಯಾಡ್ರಿ!” ಅವಳು ಕಿರುಚಿದಳು. “ನಿಮ್ಮ ಕಾಲಿಗೆ ಬೀಳ್ತೀನಿ, ಕೂಸಿನ್ನ ಇಲ್ಲಿಗೆ ತರಬ್ಯಾಡ್ರಿ!”

“ಯಾಕ ಒದರ್ತಿ? ಬಂದೇ ಬಿಟ್ಟೀವಿ. ಗೇಟಿನ ಒಳಗ ಅದೀವಿ, ನೋಡು.”

ಕಿಟಕಿಗೆ ಓಡಿದಳು. ಕೆಳಗೆ ಸ್ಕೂಟರಿನ ಬೆಳಕಲ್ಲಿ, ಅಪ್ಪನ ಹೆಗಲ ಮೇಲಿಂದ ಲಹರಿ ಎರಡೂ ಕೈ ಚಾಚಿದ್ದಳು.

“ಅವ್ವಾ, ಬಾ. ಮನೀಗೆ ಹೋಗೂಣು.”