ಮಂಗಸೂಳಿಯ ಭಂಡಾರ

"ನನಗ್ಯಾಕ ಏನೂ ಅನಸೂದಿಲ್ಲ?"

ಗೋಳಗುಮ್ಮಟದ ಗೋಡೆಗೆ ಮುಖ ಮಾಡಿ ಮಾಯಾ ಕೇಳಿದ್ದು ಯಾರನ್ನೂ ಅಲ್ಲ. ಶೇಡಬಾಳದಿಂದ ಬಿಜಾಪುರ ನೋಡಲು ಬಂದ ಓಣಿಯವರೆಲ್ಲ ಚಪ್ಪಾಳೆ ತಟ್ಟಿ, ಕೂಗಿ, ತಮ್ಮ ದನಿ ತಮಗೇ ಮರಳುವುದನ್ನು ಕೇಳಿ ನಕ್ಕು ಕೆಳಗಿಳಿದಿದ್ದರು. ಗಂಡ ಮಲಕಾರಿ ತೀರಿಕೊಂಡ ಮೇಲೆ ಅವಳಿಗೆ ನಗುವೂ ಬಂದಿರಲಿಲ್ಲ, ಅಳುವೂ ಬಂದಿರಲಿಲ್ಲ. ಹೊತ್ತು ಹುಟ್ಟುತ್ತಿತ್ತು, ಹೊತ್ತು ಮುಳುಗುತ್ತಿತ್ತು, ಅಷ್ಟೆ.

ಗೋಡೆ ಉತ್ತರ ಕೊಟ್ಟಿತು.

"ಹಸಿವಾರ ಅನಸತೈತಿಲ್ರಿ? ಮುಂಜಾನಿಂದ ಅರ್ಧ ರೊಟ್ಟಿ ತಿಂದೀರಿ."

ಗುಮ್ಮಟದ ಆಚೆ ಬದಿಗೆ ಅಮೋಘಸಿದ್ದ ಗೋಡೆಗೆ ಕಿವಿಯಿಟ್ಟು ನಿಂತಿದ್ದ. ಅವರನ್ನೆಲ್ಲ ತನ್ನ ಕ್ರೂಸರ್ ಗಾಡಿಯಲ್ಲಿ ಕರೆತಂದವನು, ಅದೇ ಓಣಿಯವನು.

"ಕದ್ದ ಕೇಳ್ತೀರೇನು?"

"ನಾ ಕದ್ದಿಲ್ರಿ. ಗ್ವಾಡಿನ ತಂದ ಕೊಡ್ತು."

ಇಬ್ರಾಹಿಂ ರೋಜಾ ಆಯಿತು, ಬಾರಾ ಕಮಾನು ಆಯಿತು. ಮಾಳಿಗೆಯಿಲ್ಲದ ಕಮಾನುಗಳನ್ನು ಕಂಡು ಅತ್ತೆ ಸಾವಕ್ಕ, "ಇಷ್ಟ ಕಟ್ಟಿ ಮ್ಯಾಲ ಮುಚ್ಚೂದ ಮರತಾರ ನೋಡವ್ವಾ," ಎಂದಳು. ಎಲ್ಲರೂ ನಕ್ಕರು. ಮಾಯಾ ಸೆರಗು ಸರಿಮಾಡಿಕೊಂಡಳು.

ಮಲಿಕ್-ಎ-ಮೈದಾನ್ ತೋಪಿನ ಮೇಲೆ ಅಂಗೈ ಇಟ್ಟವಳು ಮಾತ್ರ ತೆಗೆಯಲಿಲ್ಲ.

"ಇಷ್ಟ ಬಿಸಲಾಗೂ ತಣ್ಣಗೈತಿ."

"ಅಂಥಾದ್ದೊಂದನ್ನ ಶೇಡಬಾಳದಿಂದ ಗಾಡಿ ಕನ್ನಡ್ಯಾಗ ನೋಡ್ಕೋತ ಬಂದೀನ್ರಿ," ಎಂದ ಅಮೋಘಸಿದ್ದ, ಪಕ್ಕದಲ್ಲಿ ನಿಂತು.

ನಗಬೇಕಾದ ಮಾತು ಎಂದು ಅವಳಿಗೆ ತಿಳಿಯಿತು. ನಗು ಬರಲಿಲ್ಲ.

ಅವನು ದನಿ ತಗ್ಗಿಸಿದ. "ನಿಮ್ಮನ್ನ ಉಡಕಿ ಮಾಡ್ಕೋಬೇಕಂತೀನಿ. ನಮ್ಮವ್ವ ಹೂಂ ಅಂದಾಳ."

ಗಂಡ ಸತ್ತವಳಿಗೆ ಮತ್ತೆ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವುದು ಅವರಲ್ಲಿ ಹೊಸದಲ್ಲ. ಅವಳನ್ನು ಕೇಳಿದವರು ಯಾರೂ ಇರಲಿಲ್ಲ, ಅಷ್ಟೆ.

"ನನ್ನೊಳಗ ಏನೂ ಉಳದಿಲ್ರಿ."

"ಇಲ್ದಿದ್ರ ಇರಲಿ. ಸಂಜಿಗೆ ಮಂಗಸೂಳಿ ಮಲ್ಲಯ್ಯನ ಗುಡಿಗೆ ಹೋಗೂದೈತಿ. ಭಂಡಾರ ನಾನ ಹಾರಸ್ತೀನಿ. ಬ್ಯಾಡಾದ್ರ ಯಾವಾಗಿನಂಗ ಒರಸಿಬಿಡ್ರಿ. ಬಾಯಿಬಿಟ್ಟ ಹೇಳೂದ ಬ್ಯಾಡ. ಮತ್ತ ನಾ ಕೇಳಾಂಗಿಲ್ಲ."

ಅದನ್ನೂ ನೋಡಿಟ್ಟಿದ್ದನಲ್ಲ ಇವನು. ಮಲ್ಲಯ್ಯನ ಗುಡಿಯಲ್ಲಿ ಭಂಡಾರವೆಂದು ತೂರುವ ಅರಿಸಿನದ ಪುಡಿ ಮುತ್ತೈದೆ ಯಾರು, ವಿಧವೆ ಯಾರು ಎಂದು ಕೇಳಿ ಬೀಳುವುದಿಲ್ಲ. ಅವಳೇ ಹೊರಗೆ ಬಂದೊಡನೆ ಸೆರಗಿನಿಂದ ಹಣೆ ಒರಸಿಕೊಳ್ಳುತ್ತಿದ್ದಳು, ಜನರ ಬಾಯಿಗೆ ಬೀಳಬಾರದೆಂದು.

ಸಂಜೆ ಮಂಗಸೂಳಿಯಲ್ಲಿ "ಯಳಕೋಟ ಯಳಕೋಟ" ಎಂಬ ಕೂಗಿನ ನಡುವೆ ಅಮೋಘಸಿದ್ದ ಹಿಡಿ ತುಂಬ ಭಂಡಾರ ತೂರಿದ. ಬೆಳಕೇ ಹಳದಿಯಾಯಿತು. ಹಣೆಗೆ ಬಿತ್ತು, ಕೆನ್ನೆಗೆ ಬಿತ್ತು, ಬರಿಗೊರಳಿಗೆ ಬಿತ್ತು. ಒಂದಿಷ್ಟು ಕಣ್ಣಿಗೂ ಹೋಯಿತು.

ಉರಿಯಿತು. ನೀರು ಬಂತು. ಎಷ್ಟೋ ಕಾಲದ ಮೇಲೆ ಏನೋ ಒಂದು ಅವಳಿಗೆ ತಾಗಿತ್ತು. ಎಲ್ಲಿ ಆರಿಹೋದೀತೋ ಎಂದು ಅವಳು ಕಣ್ಣು ತಿಕ್ಕಿಕೊಳ್ಳಲಿಲ್ಲ.

ಎಲ್ಲರೂ ಗಾಡಿ ಹತ್ತಿದರು. ಅಮೋಘಸಿದ್ದ ಕೀಲಿಗೆ ಕೈ ಹಾಕಿದವನು ತಿರುಗಿಸಲಿಲ್ಲ. ಮೇಲಿನ ಕನ್ನಡಿಯಲ್ಲಿ ಅವನ ಕಣ್ಣು ಒಮ್ಮೆ ಕಂಡಿತು, ಮತ್ತೆ ರಸ್ತೆಯ ಕಡೆ ಹೊರಳಿತು.

ಪಕ್ಕದಲ್ಲಿದ್ದ ಸಾವಕ್ಕ ತನ್ನ ಸೆರಗಿನ ತುದಿಯನ್ನೇ ಮುಂದೆ ಹಿಡಿದಳು.

"ಒರಸ್ಕೋ ನನ್ನ ಮಗಳ. ಓಣ್ಯಾಗ ಇಳಿಯೂದೈತಿ, ಮಂದಿ ನೋಡ್ತಾರ."

ಮಾಯಾ ಆ ಸೆರಗನ್ನು ಮೆಲ್ಲಗೆ ಮಡಚಿ ಅತ್ತೆಯ ಮಡಿಲಲ್ಲಿಟ್ಟಳು.

"ಒರಸೂದಿಲ್ಲ, ಅತ್ತಿ."