ಹೋಗು ಅಂದ ಬಾಯಿ

“ಚಕ್ರ ಹತ್ತಿದವರಿಗೆ ಬರೀ ‘ಹೋಗು’ ಅನ್ಬೇಡಿ. ‘ಹೋಗಿ ಬಾ’ ಅನ್ನಿ. ತಮಾಷೆಗೂ ತಪ್ಪಬೇಡಿ.”

ಹೆಂಡತಿಯ ಚಿಕ್ಕಮ್ಮ ಇಷ್ಟು ಹೇಳಿ ಬಾಯಿ ಮುಚ್ಚಿಕೊಂಡರು. ಮೇಷ್ಟ್ರು ಬಾಯಿ ತುಂಬ ನಕ್ಕರು. ಭೌತಶಾಸ್ತ್ರ ಕಲಿಸುವ ಮೇಷ್ಟ್ರಿಗೆ ಇಂಥ ಮಾತು ಸಿಕ್ಕಿದರೆ ಊಟ ಬೇಡ, ನಿದ್ದೆ ಬೇಡ. ಮದುವೆಯಾದ ಮೇಲೆ ಹೆಂಡತಿಯ ಊರಿಗೆ ಬಂದದ್ದು ಇದೇ ಮೊದಲು. ಆ ಸಣ್ಣ ಊರಿನಲ್ಲಿ ನೋಡುವಂಥದ್ದು ಒಂದೇ ಇತ್ತು: ಪಾರ್ಕಿನ ಮೂಲೆಯ ಗುಂಡು ಕಟ್ಟಡದೊಳಗೆ ತಿರುಗುವ ಮರದ ಕುದುರೆಗಳ ಮೆರಿಗೋರೌಂಡ್. ಊರವರ ಬಾಯಲ್ಲಿ ಅದು ಕುದುರೆ ಚಕ್ರ. ಯಾರ ಅಜ್ಜನನ್ನು ಕೇಳಿದರೂ ತಾನು ಹುಟ್ಟುವ ಮೊದಲೇ ಇತ್ತು ಎನ್ನುವಷ್ಟು ಹಳೆಯದು. ಈಗ ಅದರ ಲಿವರ್ ಎಳೆಯುವವರು ಈ ಚಿಕ್ಕಮ್ಮನೇ.

ಸಂಜೆಯ ಬಿಸಿಲು ಕಟ್ಟಡದ ಬಾಗಿಲಲ್ಲೇ ನಿಂತುಬಿಟ್ಟಿತ್ತು. ಒಳಗೆ ಮರಕ್ಕೆ ಬಳಿದ ಅಗಸೆ ಎಣ್ಣೆಯ ವಾಸನೆ, ಹಳೇ ವಾರ್ನಿಷಿನ ವಾಸನೆ, ಅದರಡಿಗೆ ಒದ್ದೆ ಕೂದಲಿನಂಥ ಇನ್ನೊಂದು ವಾಸನೆ. ಕುದುರೆಗಳ ಬಾಲಕ್ಕೆ ನಿಜವಾದ ಕೂದಲನ್ನೇ ಅಂಟಿಸಿದ್ದರು. ಎಲ್ಲ ಕುದುರೆಗಳ ಕತ್ತೂ ಹೊರಗಡೆಗೆ, ಕಟಕಟೆಯಾಚೆ ನಿಂತ ಜನರ ಕಡೆಗೆ ತಿರುಗಿತ್ತು. ಯಾರೋ ಈಗಷ್ಟೇ ಕರೆದರೇನೋ ಎಂದು ಕಿವಿಗೊಟ್ಟ ಹಾಗೆ.

“ಯಾಕೆ, ‘ಹೋಗು’ ಅಂದ್ರೆ ಕುದುರೆ ಓಡಿಹೋಗುತ್ತಾ?” ಎಂದರು ಮೇಷ್ಟ್ರು.

ಚಿಕ್ಕಮ್ಮ ದನಿ ತಗ್ಗಿಸಿದರು. “ಇದನ್ನ ಕೆತ್ತಿದ ಬಡಗಿ, ಚಕ್ರ ಶುರುವಾದ ದಿನ ದೊಡ್ಡ ಮನುಷ್ಯರ ಜೊತೆ ನಿಂತಿದ್ದನಂತೆ. ಹೆಂಡತಿ ಹರಕು ಬಟ್ಟೇಲಿ ಅವನನ್ನ ಹುಡುಕ್ಕೊಂಡು ಬಂದ್ಳು. ನನ್ನವಳು ಅನ್ನೋಕೆ ಅವನಿಗೆ ನಾಚಿಕೆಯಾಯ್ತು. ಯಾರೋ ಭಿಕ್ಷುಕಿ ಅನ್ನೋ ಹಾಗೆ ‘ಹೋಗು’ ಅಂದುಬಿಟ್ಟ. ಹೋದ್ಳು. ಹೋಗೋ ಮೊದ್ಲು ತಲೆಕೂದಲು ಕಿತ್ತು ಆ ನಡುಗಂಬದ ಬುಡದಲ್ಲಿ ಹೂತು ಮಾಟ ಮಾಡಿದ್ಳು. ‘ತನ್ನವರನ್ನ ಬಾ ಅನ್ನೋಕೆ ನಾಚೋ ಬಾಯಿ ಕರೀತಾನೇ ಇರಲಿ’ ಅಂತ.”

“ಬಡಗಿ ಏನಾದ?”

“ಕರೀತಾನೇ ಸತ್ತ.”

ಮೇಷ್ಟ್ರ ಪಕ್ಕದಲ್ಲಿ ಅವರ ಷಡ್ಡಕ, ಹೆಂಡತಿಯ ಅಕ್ಕನ ಗಂಡ, ಮೊಬೈಲು ಹಿಡಿದು ಕಿಸಿಕಿಸಿ ನಗುತ್ತಿದ್ದ. ನಗಿಸಲು ಒಬ್ಬ ಸಿಕ್ಕಿದರೆ ಮೇಷ್ಟ್ರಿಗೆ ಹುರುಪು ಏರುತ್ತದೆ. ಕಟಕಟೆಯ ಸುತ್ತ ನಿಂತವರಿಗೆಲ್ಲ ಕೇಳುವಂತೆ ಘರ್ಷಣೆ, ವೇಗ ಎಂದೆಲ್ಲ ಒಂದು ಪಾಠವನ್ನೇ ಒಪ್ಪಿಸಿದರು. ಅಷ್ಟರಲ್ಲಿ ಹೆಂಡತಿ ಬಿಳಿ ಕುದುರೆ ಹತ್ತಿ, ಶಾಲು ಸರಿಮಾಡಿಕೊಂಡು, ಹೊರಗೆ ನಿಂತವರಿಗೆ ಹೇಳಿ ಹೊರಡುವ ಚಿಕ್ಕಂದಿನ ರೂಢಿಯಂತೆ ಗಂಡನ ಕಡೆ ತಿರುಗಿದಳು.

“ಹೋಗಿ ಬರ್ತೀನಿ, ರೀ.”

“ಹೋಗು ಹೋಗು,” ಎಂದರು ಮೇಷ್ಟ್ರು, ಷಡ್ಡಕನ ಕಡೆ ಕಣ್ಣು ಮಿಟುಕಿಸಿ. “ಅಲ್ಲೇ ಇದ್ದುಬಿಡು. ನನಗೂ ನಾಲ್ಕು ದಿನ ನೆಮ್ಮದಿ.”

ಷಡ್ಡಕ ಗಹಗಹಿಸಿದ. ಬೇರೆ ಯಾರೂ ನಗಲಿಲ್ಲ. ಹೆಂಡತಿಯ ಮುಖ ಕೆಂಪಾಯಿತು. ತನ್ನೂರಿನವರ ಎದುರಿಗೆ ಹಾಗೆ ಅನ್ನಿಸಿಕೊಂಡವಳು ಕಣ್ಣನ್ನು ಕುದುರೆಯ ಕಿವಿಯ ಮೇಲೆ ನೆಟ್ಟಳು. ಚಕ್ರ ಅಷ್ಟರಲ್ಲೇ ಹೊರಟಿತ್ತು. ಲಿವರ್ ಮೇಲೆ ಚಿಕ್ಕಮ್ಮನ ಕೈ ಇರಲಿಲ್ಲ.

ಮೊದಲ ಸುತ್ತಿನಲ್ಲಿ ಅವಳು ಮೇಷ್ಟ್ರ ಕಡೆ ನೋಡಲಿಲ್ಲ. ಕೋಪ ಬಂದಿದೆ, ಮನೆಗೆ ಹೋಗಿ ಸಮಾಧಾನ ಮಾಡಿದರಾಯಿತು ಎಂದುಕೊಂಡರು. ಮುಂದಿನ ಸುತ್ತಿನಲ್ಲಿ ಹಿತ್ತಾಳೆ ಸರಳು ಹಿಡಿದ ಅವಳ ಬೆರಳುಗಳ ಬಣ್ಣ ಯಾಕೋ ಬೇರೆಯಾಗಿತ್ತು. ಹತ್ತಿರ ಬಂದಾಗ ಕಂಡಿತು: ಚರ್ಮದ ಮೇಲೆ ಮರದ ಗೆರೆಗಳು, ಗೆಣ್ಣಿನಲ್ಲಿ ಉಳಿಯಿಂದ ಕೆತ್ತಿದ ಗುರುತು. ಆಮೇಲಿನ ಸುತ್ತಿನಲ್ಲಿ ಅವಳ ಕತ್ತು ಹೊರಗಡೆಗೆ, ಅವರ ಕಡೆಗೆ ತಿರುಗಿತ್ತು. ತುಟಿ ಅಲುಗಲಿಲ್ಲ. ಕಣ್ಣಿಗೆ ಹೊಸ ಬಣ್ಣ ಬಳಿದ ಹೊಳಪಿತ್ತು.

ಮತ್ತೆ ಬಿಳಿ ಕುದುರೆ ಬಂತು. ಜೀನಿನ ಮೇಲೆ ಶಾಲು ಮಾತ್ರ ಇತ್ತು.

ಚಿಕ್ಕಮ್ಮ ಲಿವರಿಗೆ ಜೋತುಬಿದ್ದಿದ್ದರು. “ಕರೀರಿ. ಚಕ್ರ ನಿಲ್ಲೋ ಮೊದ್ಲು ‘ಬಾ’ ಅಂತ ಕರೀರಿ. ಗಟ್ಟಿಯಾಗಿ.”

ಆಗ ಮೇಷ್ಟ್ರ ಮನಸ್ಸಿಗೆ ಮೊದಲು ಬಂದದ್ದು ಹೆಂಡತಿಯಲ್ಲ, ಸುತ್ತ ನಿಂತ ಜನ. ಈಗಷ್ಟೇ ಇವರಿಗೆಲ್ಲ ಪಾಠ ಹೇಳಿದ್ದರು. ಈಗ ಇದೇ ಬಾಯಲ್ಲಿ ಕೂಗುವುದೆಂದರೆ? ಷಡ್ಡಕನ ಮೊಬೈಲು ಬೇರೆ ಇತ್ತ ತಿರುಗಿತ್ತು. ಅವಳು ಆಚೆ ಬದಿಯಲ್ಲಿ ಇಳಿದಿರಬೇಕು ಎಂದು ಹೇಳಲು ಬಾಯಿ ತೆರೆದರು. ಶಾಲು ಇನ್ನೊಮ್ಮೆ ಎದುರಿಗೆ ಹಾದುಹೋಯಿತು. ಚಕ್ರದ ವೇಗ ಇಳಿಯುತ್ತಿತ್ತು. ಮೇಷ್ಟ್ರು ಕರ್ಚೀಫು ಬಾಯಿಗೆ ಹಿಡಿದು, ಕೆಮ್ಮುವವರಂತೆ ಬಗ್ಗಿ, ತಮಗೇ ಕೇಳಿಸದಷ್ಟು ಮೆತ್ತಗೆ ಅಂದರು: “ಬಾ.”

ಚಕ್ರ ನಿಂತಿತು. ಅವಳು ಕುದುರೆಯ ಮೇಲಿದ್ದಳು. ಕೈ ತಣ್ಣಗಿತ್ತು, ಮೈಯಲ್ಲಿ ಅಗಸೆ ಎಣ್ಣೆಯ ವಾಸನೆ. ನಡೆದದ್ದು ಅವಳಿಗೆ ಒಂದಿಷ್ಟೂ ನೆನಪಿರಲಿಲ್ಲ. ಗಂಡನ ತಮಾಷೆ ಮಾತ್ರ ನೆನಪಿತ್ತು.

“ಕದ್ದು ಕರೆದ್ರಿ,” ಎಂದರು ಚಿಕ್ಕಮ್ಮ. “ಅದಕ್ಕೆ ಪೂರ್ತಿ ಬಂದಿಲ್ಲ. ಇನ್ಮೇಲೆ ಅವಳು ನಿಮ್ಮ ಕಣ್ಣಿಂದ ಮರೆಯಾದಾಗಲೆಲ್ಲ ನೀವೇ ಕರೀಬೇಕು. ನಾಲ್ಕು ಜನಕ್ಕೆ ಕೇಳೋ ಹಾಗೆ. ಇಲ್ದಿದ್ರೆ ಉಳಿಯಲ್ಲ.”

ಮೇಷ್ಟ್ರು ಈ ಸಲ ನಗಲಿಲ್ಲ.

ತಮ್ಮ ಊರಿನ ಮನೆಗೆ ಬಂದ ಮೇಲೆ ಅದು ನಿಜವಾಯಿತು. ಅವಳು ಒಳಕೋಣೆಗೆ ಹೋದರೆ ಸ್ವಲ್ಪ ಹೊತ್ತಿಗೆ ಕೈಯಲ್ಲಿದ್ದ ಕೆಲಸ ಬಿಟ್ಟು, ಬೆನ್ನು ಮಾಡಿ ಮರದಂತೆ ನಿಂತುಬಿಡುತ್ತಿದ್ದಳು. “ಬಾ” ಎಂದು ಕೂಗಿದರೆ ಮಾತ್ರ ಮೈಗೆ ಜೀವ ಬರುತ್ತಿತ್ತು. “ಬಂದೆ, ರೀ,” ಎನ್ನುತ್ತ ಹೊರಗೆ ಬರುತ್ತಿದ್ದಳು. ಪಕ್ಕದ ಮನೆಯಾಕೆ, “ಏನ್ ಮೇಷ್ಟ್ರೇ, ಹೆಂಡ್ತೀನ ಒಂದು ಗಳಿಗೆ ಬಿಟ್ಟಿರೋಕಾಗಲ್ವಾ?” ಎಂದು ಛೇಡಿಸಿದಳು. ಅವತ್ತಿನಿಂದ ಮೇಷ್ಟ್ರು ಕೂಗುವ ಮೊದಲು ಬೀದಿಯ ಕಿಟಕಿ ಮುಚ್ಚತೊಡಗಿದರು. ಸಂಜೆ ಶಾಲೆಯಿಂದ ಬಂದಾಗಲೂ ಅವಳು ಬೆಳಗ್ಗೆ ನಿಂತಲ್ಲೇ ನಿಂತಿರುತ್ತಿದ್ದಳು; ‘ಬಂದೆ’ ಎನ್ನುವುದು ದಿನದಿನಕ್ಕೆ ತಡವಾಗತೊಡಗಿತು.

ಅವಳು ಅದನ್ನು ಗಮನಿಸಿದ್ದಳು. “ನನ್ನ ಕರೆಯೋಕೆ ನಿಮಗೆ ನಾಚಿಕೆ, ಅಲ್ವಾ?”

“ಛೆ, ಹಾಗೇನಿಲ್ಲ ಕಣೇ,” ಎಂದರು. ಹೇಳಿದ ಮೇಲೆ ಅವಳ ಮುಖ ನೋಡಲಾಗದೆ ಚಪ್ಪಲಿ ಹುಡುಕುತ್ತ ಹೊರಗೆ ಹೋದರು.

ಒಂದು ಭಾನುವಾರ ಹೆಡ್‌ಮಾಸ್ಟರು ಇಬ್ಬರು ಸಹೋದ್ಯೋಗಿಗಳೊಂದಿಗೆ ಮನೆಗೆ ಬಂದರು. ಅವಳು ಟೀ ಕೊಟ್ಟಳು. ಖಾಲಿ ಕಪ್ಪುಗಳನ್ನು ತಟ್ಟೆಯಲ್ಲಿಟ್ಟುಕೊಂಡು ಅಡುಗೆಮನೆಗೆ ಹೊರಟವಳು ಬಾಗಿಲಲ್ಲಿ ಒಮ್ಮೆ ತಿರುಗಿ ಗಂಡನನ್ನು ನೋಡಿದಳು. ಕರೆಯುತ್ತೇನೆ ಎನ್ನುವಂತೆ ಮೇಷ್ಟ್ರು ತಲೆಯಾಡಿಸಿದರು.

“ನಿಮ್ಮ ಕುದುರೆ ಕತೆ ಇವರಿಗೂ ಹೇಳ್ರಿ,” ಎಂದರು ಹೆಡ್‌ಮಾಸ್ಟರು. “ಆ ಮೂಢರಿಗೆ ಹೇಗೆ ಪಾಠ ಕಲಿಸಿದ್ರಿ ಅಂತ.”

ಹೌದು, ಸ್ಟಾಫ್ ರೂಮಿನಲ್ಲಿ ಮೇಷ್ಟ್ರು ಹಾಗೆಯೇ ಕೊಚ್ಚಿಕೊಂಡಿದ್ದರು. ತಾವು ‘ಹೋಗು’ ಅಂದದ್ದು, ಏನೂ ಆಗದೆ ಹೆಂಡತಿ ನಗುತ್ತ ಇಳಿದದ್ದು. ಎಲ್ಲರೂ ಮುಂದೆ ಬಾಗಿ ಕೂತರು. ಈಗ ಕೂಗಿದರೆ ಯಾಕೆ ಎಂದು ಕೇಳುತ್ತಾರೆ. ಇವರು ಹೋದ ಮೇಲೆ ಕೂಗಿದರಾಯಿತು. ಮೇಷ್ಟ್ರು ಕತೆ ಶುರುಮಾಡಿದರು.

ಒಳಗೆ ನಲ್ಲಿಯ, ಕಪ್ಪುಗಳ ಸದ್ದು ಬರುತ್ತಿತ್ತು. ಕತೆ ಷಡ್ಡಕನವರೆಗೆ ಬಂತು. ಸಹೋದ್ಯೋಗಿಗಳು ನಕ್ಕರು. ಕಪ್ಪುಗಳ ಸದ್ದು ನಿಂತಿತು. ಮೇಷ್ಟ್ರು ಕರ್ಚೀಫು ತೆಗೆದು, ಕೆಮ್ಮಿ, ಅದರೊಳಗೇ “ಬಾ” ಅಂದರು.

ಯಾರೂ ಬರಲಿಲ್ಲ.

ಅಗಸೆ ಎಣ್ಣೆ. ವಾರ್ನಿಷು. ಒದ್ದೆ ಕೂದಲು. ಮೇಷ್ಟ್ರ ಮಾತು ಅರ್ಧಕ್ಕೆ ನಿಂತಿತು. ಗೋಡೆಯಾಚೆ ಏನೋ ಕಿರುಗುಟ್ಟಿತು. ಭಾರವಾದ ಮರ. ತಿರುಗುವ ಮರ. ಅವರು ಎದ್ದರು. ಕುರ್ಚಿ ಬಿತ್ತು.

“ಬಾ!”

“ಬಂದೆ, ರೀ.”

ಮೇಷ್ಟ್ರಿಗೆ ಉಸಿರು ಬಂತು. ಕಣ್ಣಲ್ಲಿ ನೀರೂ ಬಂತು. ಹೆಡ್‌ಮಾಸ್ಟರು ಅವಕ್ಕಾಗಿ ನೋಡುತ್ತಿದ್ದರು. ನೋಡಲಿ. ದನಿ ಅಡುಗೆಮನೆಯ ಬಾಗಿಲಿನವರೆಗೆ ಬಂತು. ಬಾಗಿಲು ದಾಟಲಿಲ್ಲ. ಪಕ್ಕದ ಗೋಡೆಯೊಳಗೆ ಹಾದು, ಹಿತ್ತಲ ಕಡೆಗೆ, ದೂರಕ್ಕೆ ಹೋಯಿತು.

ಅವರು ಒಳಗೆ ಓಡಿದರು. ತೊಳೆದ ಕಪ್ಪುಗಳು. ಕೊಕ್ಕೆಗೆ ಶಾಲು. ನೆಲದ ಮೇಲೆ ತೆಳ್ಳಗಿನ ಮರದ ಹೊಟ್ಟು. ಮತ್ತೇನೂ ಇಲ್ಲ.

“ಬಾ! ತಪ್ಪಾಯ್ತು, ಬಾ!”

“ಬಂದೆ, ರೀ.” ಹತ್ತಿರ ಬಂತು. ದಾಟಿ ಹೋಯಿತು.

ಅತಿಥಿಗಳು ಯಾವಾಗ ಎದ್ದು ಹೋದರೋ ಮೇಷ್ಟ್ರಿಗೆ ಗೊತ್ತಾಗಲಿಲ್ಲ. ಈಗಲೂ ಅವರು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಗಂಟಲು ಹರಿಯುವಂತೆ ಕರೆಯುತ್ತಾರೆ. ಪ್ರತಿ ಸುತ್ತಿಗೂ ಅವಳು ಬಂದೆ ಎನ್ನುತ್ತಾಳೆ, ಕೋಪವಿಲ್ಲದ ದನಿಯಲ್ಲಿ. ಆ ಮನೆಯ ಕಿಟಕಿಗಳೆಲ್ಲ ತೆರೆದೇ ಇರುತ್ತವೆ. ಮುಚ್ಚಿಕೊಳ್ಳುವವರು ಈಗ ಬೀದಿಯವರು.