ಕೆಂಪಂಗಿ ತೊಟ್ಟವರು

ದೀಪ ಹೋಯಿತು.

ಮಳಿಗೆಯ ಮೂರು ಮಹಡಿಗಳೂ ಒಮ್ಮೆಲೇ ಕತ್ತಲಾದವು. ಹಾಡು ನಿಂತಿತು, ಎಸ್ಕಲೇಟರ್ ನಿಂತಿತು, ಜನ ಮಾತ್ರ ನಿಲ್ಲಲಿಲ್ಲ. ಕ್ರಿಸ್‌ಮಸ್‌ಗೆ ಇನ್ನೂ ತಿಂಗಳಿತ್ತು. ಆದರೆ ಮೊದಲು ಬಂದವರಿಗೆ ಅರ್ಧ ಬೆಲೆ ಎಂದು ಬಾಗಿಲ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು. ಅರ್ಧ ಬೆಲೆಯ ಮುಂದೆ ಕತ್ತಲೆ ಯಾವ ಲೆಕ್ಕ? ಎಲ್ಲರೂ ಕೈಗೆ ಸಿಕ್ಕಿದ್ದನ್ನು ಅವುಚಿಕೊಂಡು ತಡಕಾಡುತ್ತಲೇ ಇದ್ದರು.

ಒಂದೆರಡು ನಿಮಿಷಕ್ಕೆ ದೀಪ ಬಂತು. ಅದರ ಬೆನ್ನಿಗೇ ಒಡವೆ ಕೌಂಟರಿನಿಂದ ಕಿರುಚಾಟವೂ ಬಂತು.

"ಹಾರ ಇಲ್ಲ. ಅಯ್ಯೋ, ವಜ್ರದ ಹಾರ ಇಲ್ಲ."

ಹದ್ದಕ್ಕ ಆಗ ಬಟ್ಟೆ ವಿಭಾಗದಲ್ಲಿ ಇಬ್ಬರು ಹೆಂಗಸರ ಜಗಳ ಬಿಡಿಸುತ್ತಿದ್ದಳು. ಒಂದೇ ಸ್ವೆಟರಿನ ಒಂದೊಂದು ತೋಳು ಒಬ್ಬೊಬ್ಬರ ಕೈಯಲ್ಲಿತ್ತು. ಅವರನ್ನು ಅವರ ಪಾಡಿಗೆ ಬಿಟ್ಟು, ಓಡುತ್ತಲೇ ವಾಕಿಟಾಕಿಗೆ ಬಾಯಿಟ್ಟಳು. "ಎಲ್ಲ ಬಾಗಿಲು ಮುಚ್ಚಿ. ತಪಾಸಣೆ ಇಲ್ಲದೆ ಒಬ್ಬರೂ ಆಚೆ ಹೋಗಬಾರದು."

ಅವಳು ಈ ಮಳಿಗೆಯ ಭದ್ರತೆಯ ಮುಖ್ಯಸ್ಥೆ. ಹಿಂದೆ ಪೊಲೀಸಿನಲ್ಲಿದ್ದವಳು. ಮೂರನೇ ಮಹಡಿಯಲ್ಲಿ ನಿಂತು ಕೆಳಗಿನ ಜೇಬುಗಳ್ಳನನ್ನು ಹಿಡಿದ ಮೇಲೆ ಎಲ್ಲರ ಬಾಯಲ್ಲೂ ಹದ್ದಕ್ಕನೇ ಆಗಿಬಿಟ್ಟಿದ್ದಳು. ಆ ಹೆಸರು ಅವಳಿಗೂ ಇಷ್ಟವೇ.

ಗಾಜಿನ ಪೆಟ್ಟಿಗೆಯ ಮುಚ್ಚಳ ತೆರೆದಿತ್ತು. ಗಾಜು ಒಡೆದಿರಲಿಲ್ಲ, ಬೀಗ ಮುರಿದಿರಲಿಲ್ಲ. ನೆಲದ ಮೇಲೆ ಬಿಳಿ ಹತ್ತಿಯ ಒಂದು ಎಳೆ ಬಿದ್ದಿತ್ತು. ಕೌಂಟರಿನವಳು ತಲೆಯ ಮೇಲೆ ಕೈಹೊತ್ತು ಕೂತಿದ್ದಳು. ಅವಳ ನಾಲಿಗೆಯ ಖಾರಕ್ಕೆ ಮಳಿಗೆಯವರು ಇಟ್ಟ ಹೆಸರು ಮೆಣಸಿನಕಾಯಿ. ಎಲೆಕ್ಟ್ರಿಷಿಯನ್ ಕರೆಂಟಣ್ಣನ ಹೆಂಡತಿ.

"ಏನಾಯ್ತು? ನಿಧಾನಕ್ಕೆ ಹೇಳು."

"ನಿಧಾನ ಎಲ್ಲಿಂದ ಬರುತ್ತಕ್ಕ? ಬೆಳಿಗ್ಗೆಯಿಂದ ಒಂದು ಲೋಟ ನೀರು ಕುಡಿದಿಲ್ಲ. ಆ ಮ್ಯಾನೇಜರ್ ಬಂದ, ಗಾಜು ಒರೆಸು ಅಂದ, ಹೋದ. ಆಮೇಲೆ ಒಬ್ಬ ಗಿರಾಕಿ ಬಂದಳು, ಹಾರ ತೋರಿಸು ಅಂದಳು. ಕೊಳ್ಳೋ ಮುಖ ಅಲ್ಲ ಅದು. ಆದ್ರೂ ಬೀಗ ತೆಗೆದೆ. ಅಷ್ಟೊತ್ತಿಗೆ ಕರೆಂಟ್ ಹೋಯ್ತು."

"ಆಮೇಲೆ?"

"ಹಿಂದಿನ ಬಾಗಿಲ ಮೇಲೆ ಹಸಿರು ದೀಪ ಇದೆಯಲ್ಲ, ಅದರ ಬೆಳಕಲ್ಲಿ ಕಂಡಿದ್ದು. ಕೆಂಪು ಅಂಗಿ, ಬಿಳಿ ಗಡ್ಡ. ಹಿಂದಿನಿಂದ ಬಂದ್ರು, ನನ್ನ ಪಕ್ಕಕ್ಕೆ ತಳ್ಳಿದ್ರು, ಹಾರ ಎತ್ಕೊಂಡು ಹಾಗೇ ಹೋದ್ರು. ನಾನು ಬಾಯಿ ಬಿಡೋ ಅಷ್ಟರಲ್ಲಿ ಎಲ್ಲ ಮುಗಿದಿತ್ತು."

ಹದ್ದಕ್ಕ ಅವಳ ಹತ್ತಿರಕ್ಕೆ ಬಗ್ಗಿದಳು. "ಕೆಂಪು ಅಂಗಿ ಅಂದ್ರೆ?"

"ಇನ್ಯಾರು ಹಾಕ್ತಾರೆ? ಕ್ರಿಸ್‌ಮಸ್ ತಾತ, ನಿನ್ನ ಭಾವನೇ ಕಣಕ್ಕ. ಬೇಜಾರು ಮಾಡ್ಕೋಬೇಡ. ಬೆಳಿಗ್ಗೆಯಿಂದ ನನ್ನ ಕೌಂಟರ್ ಹತ್ರಾನೇ ಸುಳಿದಾಡ್ತಿದ್ದ ಆ ತಾತ. ಹಾರ ನೋಡಿ ಹಲ್ಲು ಬೇರೆ ಕಿರಿದ."

ಗಿರಾಕಿ ಹೆಂಗಸಿನ ಕೈಯಲ್ಲಿ ದೊಡ್ಡ ದೊಡ್ಡ ಚೀಲಗಳಿದ್ದವು. ಹದ್ದಕ್ಕ ಕೇಳುವ ಮೊದಲೇ ಆಕೆ ಎಲ್ಲವನ್ನೂ ಕೌಂಟರಿನ ಮೇಲೆ ಸುರಿದಳು. ಸ್ವೆಟರು, ಕಾಲುಚೀಲ, ಮಗುವಿನ ಟೋಪಿ, ಮತ್ತೆ ಸ್ವೆಟರು. ಹಾರವಿರಲಿಲ್ಲ. ಏನೋ ಕೆಂಪಗೆ ಹಾದುಹೋದದ್ದು ಆಕೆಗೂ ಕಂಡಿತ್ತು.

\* \* \*

ಮಳಿಗೆಯ ಯಜಮಾನರಿಗೆ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. ಈಗ ಇಡೀ ಮುಖಕ್ಕೆ ಹರಡಿತ್ತು.

"ನಿನ್ನ ಮಾತು ಕೇಳಿ ಅವನಿಗೆ ಕೆಲಸ ಕೊಟ್ಟೆ. ನಾಟಕದವನನ್ನ ನಂಬಿದ್ದು ನನ್ನ ತಪ್ಪು. ಇನ್ಸ್‌ಪೆಕ್ಟರ್ ದಾರಿಯಲ್ಲಿದಾರೆ. ಬಂದ ತಕ್ಷಣ ಅವನನ್ನ ಒಪ್ಪಿಸಿಬಿಡು. ಅವನ ಜೊತೆ ನೀನೂ ಮನೆಗೆ ಹೋಗು."

"ಅವರು ಬರೋ ತನಕ ನನಗೆ ಬಿಡಿ ಸಾರ್."

"ಏನು ಮಾಡ್ತೀಯೋ ಮಾಡು. ಅವನು ಮಾತ್ರ ತಪ್ಪಿಸಿಕೋಬಾರದು."

ಹದ್ದಕ್ಕ ಉಗ್ರಾಣದ ಬಾಗಿಲು ತಟ್ಟಿದಳು. ಅಲ್ಲಿ ಖಾಲಿ ಪೆಟ್ಟಿಗೆಗಳ ನಡುವೆ ಭಾವ ಕೂತಿದ್ದರು. ಕೆಂಪು ಅಂಗಿ, ಕೆಂಪು ಟೋಪಿ, ಮೊಣಕಾಲ ಮೇಲೆ ಬಿಳಿ ಗಡ್ಡ. ಪಕ್ಕದಲ್ಲಿ ಮುಚ್ಚಳ ತೆಗೆಯದ ಊಟದ ಡಬ್ಬಿ. ಕ್ರಿಸ್‌ಮಸ್ ತಾತ ಗಡ್ಡ ತೆಗೆದು ಊಟ ಮಾಡುವುದನ್ನು ಮಕ್ಕಳು ನೋಡಬಾರದೆಂದು ಅವರೇ ಮಾಡಿಕೊಂಡ ಏರ್ಪಾಡು ಇದು. ದೀಪ ಹೋದಾಗಲೂ ಇಲ್ಲೇ ಇದ್ದರು, ಒಬ್ಬರೇ. ಕಂಡವರು ಯಾರೂ ಇಲ್ಲ.

ನಾಟಕದ ಕಂಪನಿ ಮುಚ್ಚಿದ ಮೇಲೆ ಭಾವ ಮನೆಯಲ್ಲಿ ಗೋಡೆ ನೋಡುತ್ತಾ ಕೂತುಬಿಟ್ಟಿದ್ದರು. ಈ ಕೆಂಪು ಅಂಗಿ ತೊಟ್ಟ ಮೇಲೆ ಮುಖದಲ್ಲಿ ಮತ್ತೆ ಕಳೆ ಬಂದಿತ್ತು. ಮೊದಲ ದಿನವೇ ಹೀಗಾಯಿತಲ್ಲ ಎಂದುಕೊಂಡು ಹದ್ದಕ್ಕ ಒಂದು ಪೆಟ್ಟಿಗೆ ಎಳೆದು ಎದುರಿಗೆ ಕೂತಳು.

"ನೀವೇ ತೆಗೆದ್ರಾ ಅಂತ ಕೇಳಲ್ವೇನಮ್ಮ?" ಎಂದರು ಭಾವ.

"ಕೇಳಲ್ಲ ಭಾವ."

"ಕೇಳು. ಪೊಲೀಸಾಗಿದ್ದವಳು ನೀನು."

"ತೆಗೆದ್ರಾ?"

"ಇಲ್ಲ."

"ಸರಿ."

ಭಾವ ಗಡ್ಡವನ್ನು ನೇವರಿಸಿದರು. "ಒಂದು ಮಾತು. ನನ್ನ ಕರ್ಕೊಂಡು ಹೋಗೋದೇ ಆದ್ರೆ ಗಡ್ಡ ತೆಗೆಸಬೇಡಿ ಅನ್ನು. ಹೊರಗೆ ಸಾಲಲ್ಲಿ ಮಕ್ಕಳು ನಿಂತಿದಾರೆ. ತಾತನ ಗಡ್ಡ ಸುಳ್ಳು ಅಂತ ಅವರಿಗೆ ಇವತ್ತು ಗೊತ್ತಾಗೋದು ಬೇಡ."

ಹದ್ದಕ್ಕ ತಲೆಯಾಡಿಸಿ ಎದ್ದಳು. ಭಾವ ಮತ್ತೆ ಕರೆದರು.

"ಅಂದಹಾಗೆ ಆ ಮರದ ಮೇಲಿನ ನಕ್ಷತ್ರಕ್ಕೆ ಏನಾಯ್ತು? ಬಾಗಿಲ ಸಂದಿಯಿಂದ ನೋಡ್ತಾ ಇದೀನಿ. ಕರೆಂಟ್ ಬಂತು, ಎಲ್ಲ ಹೊತ್ಕೊಂಡ್ವು, ಅದೂ ಹೊತ್ಕೊಂಡಿತ್ತು. ಆಮೇಲೆ ಆರಿಹೋಗಿದೆ. ನನ್ನ ಕುರ್ಚಿ ಮೇಲೆ ಬೆಳಕೇ ಬೀಳ್ತಿಲ್ಲ."

ತಲೆ ಹೋಗುವ ಹೊತ್ತಿನಲ್ಲಿ ಇವರಿಗೆ ಬೆಳಕಿನ ಚಿಂತೆ. ನಾಟಕದವರೇ ಹೀಗೆ ಎಂದುಕೊಂಡು ಹದ್ದಕ್ಕ ಹೊರಗೆ ಬಂದಳು.

\* \* \*

ಮಳಿಗೆಯ ನಟ್ಟನಡುವೆ ಕ್ರಿಸ್‌ಮಸ್ ಮರ. ಅದರ ತುದಿ ಮೊದಲ ಮಹಡಿಯ ಕಟಕಟೆಗೆ ತಾಗುವಂತಿತ್ತು. ಬುಡದಲ್ಲಿ ತಾತನ ಖಾಲಿ ಕುರ್ಚಿ, ಸುತ್ತ ಬಣ್ಣದ ಕಾಗದ ಸುತ್ತಿದ ಉಡುಗೊರೆ ಪೆಟ್ಟಿಗೆಗಳು.

ಅಡಗಿಸಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ ಎಂದು ಹದ್ದಕ್ಕ ಒಂದೊಂದೇ ಪೆಟ್ಟಿಗೆ ಬಿಚ್ಚಿದಳು. ಎಲ್ಲವೂ ಖಾಲಿ. ಮಕ್ಕಳ ಸಾಲು ಬಿಟ್ಟ ಕಣ್ಣು ಬಿಟ್ಟಂತೆ ಅವಳನ್ನೇ ನೋಡುತ್ತಿತ್ತು. ತಾತನ ಉಡುಗೊರೆ ಕದಿಯುವ ಹೆಂಗಸು ಎಂದು ಒಂದು ಮಗು ಅಳಲು ಶುರುಮಾಡಿತು.

"ವೈರ್ ತುಳೀಬೇಡಿ ಮೇಡಂ," ಎಂದು ಮೇಲಿನಿಂದ ದನಿ ಬಂತು. ಕರೆಂಟಣ್ಣ ಏಣಿಯ ಮೇಲಿದ್ದ. "ಈಗ ತಾನೇ ಒಂದು ಫ್ಯೂಸ್ ಹಾರಿತ್ತು. ಓಡಿಹೋಗಿ ಹಾಕ್ದೆ. ಇನ್ನೊಂದ್ಸಲ ಹಾರಿದ್ರೆ ಸಾರ್ ನನ್ನ ಚರ್ಮ ಸುಲೀತಾರೆ."

ಕೆಲಸದವರನ್ನೆಲ್ಲ ಆಗಲೇ ತಪಾಸಣೆ ಮಾಡಿಯಾಗಿತ್ತು. ಕರೆಂಟಣ್ಣನ ಜೇಬು, ಉಪಕರಣದ ಪೆಟ್ಟಿಗೆ ಎಲ್ಲ ನೋಡಿದ್ದರು. ಏನೂ ಸಿಕ್ಕಿರಲಿಲ್ಲ. ಬಾಗಿಲಿನಿಂದ ಒಂದು ಸೂಜಿಯೂ ಆಚೆ ಹೋಗಿರಲಿಲ್ಲ. ಹಾರ ಒಳಗೇ ಇದೆ, ಕಳ್ಳನೂ ಒಳಗೇ ಇದ್ದಾನೆ. ಹದ್ದಕ್ಕನಿಗೆ ತನ್ನ ಕಣ್ಣಿನ ಮೇಲೆಯೇ ಸಿಟ್ಟು ಬಂತು.

ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಅವಳ ಅಕ್ಕ. ಭಾವನ ಹೆಂಡತಿ. ಏನಾಗಿದೆ ಎಂದು ಪಾಪ ಅವಳಿಗೆ ಗೊತ್ತಿಲ್ಲ.

"ಲೇ, ಅವರು ಊಟ ಮಾಡಿದ್ರಾ? ಗಡ್ಡ ಚುಚ್ಚುತ್ತೆ ಅಂತಿದ್ರು, ಸರಿಹೋಯ್ತಾ? ಪಕ್ಕದ ಮನೆಯವನು ಬಂದಿದ್ದ. ಏನು ನಿನ್ನ ಗಂಡ ಕಾಣಿಸ್ತಿಲ್ಲ ಅಂತ ಕೇಳಿದ. ಕೆಲಸಕ್ಕೆ ಹೋಗಿದಾರೆ ಅಂದೆ. ಹಾಗಂದು ಎಷ್ಟು ದಿನ ಆಗಿತ್ತು ಗೊತ್ತಾ? ಅವನ ಮುಖ ನೋಡಬೇಕಿತ್ತು ನೀನು."

ಹದ್ದಕ್ಕ ಒಡವೆ ಕೌಂಟರಿನ ಕಡೆ ತಿರುಗಿದಳು.

"ಕೇಳಿಸ್ತಿದೆಯೇನೇ?"

"ಅಕ್ಕ, ಮೊದಲು ಏನಂದೆ? ಇನ್ನೊಂದ್ಸಲ ಹೇಳು."

"ಊಟ ಮಾಡಿದ್ರಾ ಅಂದೆ. ಯಾಕೆ, ಕಿವಿಗೇನಾಯ್ತು?"

"ಕಿವಿ ಈಗ ಸರಿಯಾಯ್ತು. ಆಮೇಲೆ ಮಾತಾಡ್ತೀನಿ," ಎಂದು ಹದ್ದಕ್ಕ ಫೋನಿಟ್ಟಳು. ಇಟ್ಟವಳೇ ನೆಟ್ಟಗೆ ಒಡವೆ ಕೌಂಟರಿಗೆ ಹೋದಳು.

"ಯಜಮಾನರು ಬಂದಿದ್ರಾ ಈ ಕಡೆ?"

"ಬಂದಿದ್ದ. ಕೂಗಾಡಿದ, ಹೋದ," ಎಂದಳು ಮೆಣಸಿನಕಾಯಿ.

"ಇನ್ಸ್‌ಪೆಕ್ಟರ್?"

"ಇನ್ನೂ ಎಲ್ಲಿ ಬಂದ ಅವನು? ಬಂದು ನಿನ್ನ ಭಾವನ್ನ ಎಳ್ಕೊಂಡು ಹೋದ್ರೆ ನಾವೂ ಮನೆಗೆ ಹೋಗಬಹುದು."

"ನಿಮ್ಮನೆಯವರು ಏಣಿ ಮೇಲೇ ಇದಾರಲ್ಲ, ಇನ್ನೂ."

ಮೆಣಸಿನಕಾಯಿಯ ದನಿ ತಟ್ಟನೆ ಮೆತ್ತಗಾಯಿತು. "ಏನು ಮಾಡೋದಕ್ಕ. ಬೆಳಿಗ್ಗೆ ಏನೂ ತಿನ್ನದೇ ಬಂದ್ರು. ಕೆಲಸ ಅಂದ್ರೆ ಹಾಗೇ ಅವರು."

ಹದ್ದಕ್ಕ ತಿರುಗಿ ಮರದ ತುದಿ ನೋಡಿದಳು. ಸಾವಿರ ದೀಪಗಳ ನಡುವೆ ನಕ್ಷತ್ರವೊಂದೇ ಮಂಕಾಗಿ ನಿಂತಿತ್ತು.

\* \* \*

ಇನ್ಸ್‌ಪೆಕ್ಟರ್ ಬಂದರು. ಯಜಮಾನರು ಅವರನ್ನು ಉಗ್ರಾಣದ ಕಡೆ ಎಳೆದರೆ ಹದ್ದಕ್ಕ ಮರದ ಕಡೆ ಎಳೆದಳು. ಇನ್ಸ್‌ಪೆಕ್ಟರ್ ಹದ್ದಕ್ಕನ ಹಿಂದೆ ಬಂದರು. ಇಬ್ಬರೂ ಹಿಂದೆ ಒಂದೇ ಠಾಣೆಯಲ್ಲಿ ಇದ್ದವರು.

"ಕರೆಂಟಣ್ಣ, ಆ ನಕ್ಷತ್ರ ಹೊತ್ತಿಸು."

"ಬಲ್ಬ್ ಹೋಗಿದೆ ಮೇಡಂ. ನಾಳೆ ಹಾಕ್ತೀನಿ."

"ನಿನ್ನ ಪೆಟ್ಟಿಗೇಲೇ ಬಲ್ಬ್ ಇತ್ತಲ್ಲ. ತಪಾಸಣೇಲಿ ನೋಡಿದ್ರು."

"ಈ ಏಣಿ ಅಲ್ಲಾಡುತ್ತೆ."

"ಇಷ್ಟು ಹೊತ್ತು ಅಲ್ಲಾಡಲಿಲ್ಲವಾ? ಇಳಿ ಕೆಳಗೆ."

ಕರೆಂಟಣ್ಣ ಇಳಿದ. ಹದ್ದಕ್ಕ ಪ್ಯಾಂಟಿನ ತುದಿ ಮಡಚಿಕೊಂಡು ಹತ್ತಿದಳು. ಸೇಲಿಗೆ ಬಂದ ಜನ ಚೀಲ ಕೆಳಗಿಟ್ಟು ನೋಡತೊಡಗಿದರು. ಅವಳು ನಕ್ಷತ್ರದ ಹಿಂದಿನ ಮುಚ್ಚಳ ತಿರುಗಿಸಿ ಒಳಗೆ ಕೈಹಾಕಿದಳು. ಬಲ್ಬ್ ಇರಬೇಕಾದ ಜಾಗದಲ್ಲಿ ಬಲ್ಬ್ ಇರಲಿಲ್ಲ. ಬೆರಳಿಗೆ ತಣ್ಣಗೆ ಏನೋ ತಾಕಿತು.

ಅವಳು ಹಾರವನ್ನು ಮೇಲೆತ್ತಿ ಹಿಡಿದಳು. ಮರದ ದೀಪಗಳೆಲ್ಲ ಅದರಲ್ಲಿ ಮಿನುಗಿದವು. ಜನ ಚಪ್ಪಾಳೆ ಹೊಡೆದರು. ಏಣಿಯ ಮೇಲೆ ನಿಂತ ಹದ್ದಕ್ಕನಿಗೆ ತನ್ನ ಕಣ್ಣಿನ ಮೇಲಿನ ಸಿಟ್ಟು ಪೂರ್ತಿ ಇಳಿದುಹೋಯಿತು.

ಮೆಣಸಿನಕಾಯಿಯ ಮುಖ ಕಪ್ಪಿಟ್ಟಿತು. ಕರೆಂಟಣ್ಣ ಮಾತ್ರ ಧೈರ್ಯ ಬಿಡಲಿಲ್ಲ. "ಇವಳ ಭಾವನೇ ಇಟ್ಟಿರಬೇಕು ಸಾರ್."

"ಉಗ್ರಾಣದಲ್ಲಿ ಕೂತವರು ಏಣಿ ಹತ್ತಿದ್ದನ್ನ ಇಷ್ಟು ಜನದಲ್ಲಿ ಒಬ್ಬರೂ ನೋಡಲಿಲ್ಲವಾ? ಕೆಂಪು ಅಂಗಿ ತೊಟ್ಟು ಹತ್ತಿದ್ರೆ ಮಕ್ಕಳೇ ಕೂಗ್ತಿದ್ರು. ನೀನು ಹತ್ತಿದ್ರೆ ಯಾರು ತಲೆ ಎತ್ತಿ ನೋಡ್ತಾರೆ?" ಹದ್ದಕ್ಕ ಇಳಿದು ಬಂದು ಹಾರವನ್ನು ಇನ್ಸ್‌ಪೆಕ್ಟರ್ ಕೈಗಿಟ್ಟಳು. "ಫ್ಯೂಸ್ ಹಾರಲಿಲ್ಲ ಸಾರ್, ಇವನೇ ತೆಗೆದ. ಸ್ವಿಚ್ ಕೋಣೆ ಇರೋದು ಒಡವೆ ಕೌಂಟರಿನ ಹಿಂದೇನೇ. ಬೀಗ ತೆಗೆದಿಟ್ಟವಳು ಹೆಂಡತಿ. ಹಾರ ತಗೊಂಡು ಹೋಗಿ ಅಂಗಿ ಬಿಚ್ಚಿಟ್ಟ, ದೀಪ ಹಾಕಿದ, ಏಣಿ ಹತ್ತಿದ. ಬಲ್ಬ್ ಕಿತ್ತು ಹಾರ ಇಟ್ಟ. ಮಳಿಗೆ ಮುಚ್ಚಿದ ಮೇಲೆ ಯಾವತ್ತೋ ಒಂದು ದಿನ ರಿಪೇರಿ ಅಂತ ಹತ್ತಿ ತಗೊಳ್ಳೋ ಲೆಕ್ಕ."

"ಹೆಂಡತಿ ಮೇಲೆ ಅನುಮಾನ ಹೇಗೆ ಬಂತು?" ಎಂದರು ಇನ್ಸ್‌ಪೆಕ್ಟರ್.

"ಕಳ್ಳನಿಗೆ ಯಾರಾದ್ರೂ ಬಹುವಚನ ಕೊಡ್ತಾರಾ ಸಾರ್?"

"ಅಂದ್ರೆ?" ಎಂದರು ಇನ್ಸ್‌ಪೆಕ್ಟರ್.

"ಬಂದ್ರು, ತಳ್ಳಿದ್ರು, ಹೋದ್ರು. ಕಳ್ಳನ ಬಗ್ಗೆ ಇವಳು ಹೇಳಿದ್ದು ಹೀಗೆ. ಮ್ಯಾನೇಜರ್ ಬಂದ, ಹೋದ. ಯಜಮಾನರೂ ಅಷ್ಟೇ, ಕೂಗಾಡಿದ, ಹೋದ."

ಯಜಮಾನರು ಕಕ್ಕಾಬಿಕ್ಕಿಯಾಗಿ ಮೆಣಸಿನಕಾಯಿಯನ್ನು ನೋಡಿದರು.

"ನೀವೂ ತಪ್ಪಿಸಿಕೊಂಡಿಲ್ಲ ಸಾರ್," ಎಂದು ಹದ್ದಕ್ಕ ಇನ್ಸ್‌ಪೆಕ್ಟರಿಗೂ ಹೇಳಿದಳು. "ಈ ಮಳಿಗೇಲಿ ಇವಳ ಬಾಯಲ್ಲಿ ಬಹುವಚನ ಬರೋದು ಗಂಡನಿಗೊಬ್ಬನಿಗೇ."

"ವಯಸ್ಸಾದವರು ಅಂತ ಹಾಗಂದೆ," ಎಂದು ಮೆಣಸಿನಕಾಯಿ ತಡವರಿಸಿದಳು. "ನಿನ್ನ ಭಾವನಿಗೆ ಅಷ್ಟೂ ಮರ್ಯಾದೆ ಕೊಡಬಾರದಾ?"

"ಕೊಟ್ಟೆಯಲ್ಲ. ಸುಳಿದಾಡ್ತಿದ್ದ ಆ ತಾತ, ಹಲ್ಲು ಕಿರಿದ. ಅದು ನಮ್ಮ ಭಾವ. ಹಾರ ಎತ್ಕೊಂಡು ಹೋದ್ರು ಅಂದಿದ್ದು ಬೇರೆಯವರಿಗೆ. ಇಬ್ಬರೂ ಬೇರೆ ಅಂತ ನಿನ್ನ ನಾಲಿಗೆಗೆ ಗೊತ್ತಿತ್ತು. ಮುಚ್ಚಿಡೋಕೆ ಹೇಳಿಕೊಡೋದು ಮರೆತೆ, ಅಷ್ಟೇ."

ಆ ಹೊತ್ತಿಗೆ ಸ್ವಿಚ್ ಕೋಣೆ ಹುಡುಕಲು ಹೋಗಿದ್ದ ಪೇದೆ ಬಂದ. ಟ್ಯೂಬ್‌ಲೈಟಿನ ಖಾಲಿ ರಟ್ಟಿನ ಡಬ್ಬದೊಳಗೆ ಇನ್ನೊಂದು ಕೆಂಪು ಅಂಗಿ, ಇನ್ನೊಂದು ಗಡ್ಡ. ಜೊತೆಗೊಂದು ದಿಂಬು. ದಿಂಬಿಗೆ ಅರ್ಧ ಬೆಲೆಯ ಚೀಟಿ ಇನ್ನೂ ನೇತಾಡುತ್ತಿತ್ತು.

"ಇದೂ ನಿನ್ನ ಭಾವನದೇನಾ?" ಎಂದರು ಇನ್ಸ್‌ಪೆಕ್ಟರ್ ನಗುತ್ತಾ.

"ಅವರಿಗೆ ದಿಂಬು ಬೇಡ ಸಾರ್. ಹೊಟ್ಟೆ ಸ್ವಂತದ್ದು."

ಕರೆಂಟಣ್ಣ ತಲೆ ತಗ್ಗಿಸಿದ. ಪೇದೆಯ ಜೊತೆ ಹೊರಟಾಗ ಮೆಣಸಿನಕಾಯಿ ಗಂಡನ ಕಡೆ ತಿರುಗಿದಳು. "ಎಲ್ಲ ನಿನ್ನಿಂದ ಕಣೋ, ಹಾಳಾದವನೇ. ಯಾರಿಗೂ ಗೊತ್ತಾಗಲ್ಲ ಅಂದಿದ್ದೆಯಲ್ಲೋ."

ಕರೆಂಟಣ್ಣನ ಬಹುವಚನ ಅಲ್ಲಿಗೆ ಮುಗಿಯಿತು.

\* \* \*

ಹದ್ದಕ್ಕ ಮತ್ತೆ ಏಣಿ ಹತ್ತಿ ನಕ್ಷತ್ರಕ್ಕೆ ಹೊಸ ಬಲ್ಬ್ ಹಾಕಿದಳು. ಕೆಳಗೆ ಯಜಮಾನರು ಉಗ್ರಾಣದ ಬಾಗಿಲಲ್ಲಿ ನಿಂತಿದ್ದರು. ಒಳಗೆ ಹೋಗಲೋ ಬೇಡವೋ ಎಂದು ಕಾಲು ಹಿಂದೆ ಮುಂದೆ ಮಾಡಿದರು. ಕೊನೆಗೆ ಗಂಟಲು ಸರಿಮಾಡಿಕೊಂಡು, ಮಕ್ಕಳ ಸಾಲಿಗೂ ಕೇಳಿಸುವಂತೆ ಹೇಳಿದರು.

"ತಪ್ಪಾಯ್ತು. ಬನ್ನಿ ತಾತ, ಬನ್ನಿ. ನಿಮಗೋಸ್ಕರ ಎಲ್ಲರೂ ಕಾಯ್ತಿದಾರೆ."

ಭಾವ ಬಂದರು. ಗಡ್ಡ ನೆಟ್ಟಗಿತ್ತು, ನಡಿಗೆಯಲ್ಲಿ ರಾಜನ ಪಾತ್ರದ ಗತ್ತಿತ್ತು. ಕುರ್ಚಿಯಲ್ಲಿ ಕೂತು ಮೇಲೆ ನೋಡಿದರು, ಬೆಳಕು ಸರಿಯಾಗಿ ಬಿದ್ದಿದೆಯೇ ಎಂದು. ಬಿದ್ದಿತ್ತು. ಆಗ ತೋಳು ಚಾಚಿ ಮೊದಲ ಮಗುವನ್ನು ಕರೆದರು.

ಏಣಿಯ ಮೇಲಿಂದಲೇ ಹದ್ದಕ್ಕ ಫೋನ್ ಮಾಡಿದಳು.

"ಅಕ್ಕ, ಭಾವ ಇನ್ನೂ ಊಟ ಮಾಡಿಲ್ಲ. ಈಗ ಪುರಸೊತ್ತಿಲ್ಲ ಅವರಿಗೆ. ಸಾಲು ಬಾಗಿಲ ತನಕ ಇದೆ."